ಹೆಡ್ ಪೋರ್ಟಿಂಗ್ ಮಾಡಿಸಿದ ಮೇಲೆ ಗಾಳಿ ನಿಜವಾಗಿ ಎಷ್ಟು ಜಾಸ್ತಿಯಾಯ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೆಚ್ಚಿನ ಕಡೆ ಉದಾಹರಣೆಗೆ ತೆಗೆದುಕೊಂಡಿರುವುದು ಹಳೆಯ ಕ್ಯಾಸ್ಟ್ ಐರನ್ ಬುಲೆಟ್ 350. ಒಂದೇ ಸಿಲಿಂಡರ್, ಎರಡೇ ವಾಲ್ವ್, ಲೆಕ್ಕ ಸುಲಭ. 70 ಮಿಮೀ ಬೋರ್ (ಸಿಲಿಂಡರ್‌ನ ಒಳ ಅಗಲ), 90 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 346 ಸಿಸಿ. ಹೆಸರಿನಲ್ಲಿರುವ ಕ್ಯಾಸ್ಟ್ ಐರನ್ ಬ್ಯಾರೆಲ್‌ಗೆ, ಅಂದರೆ ಸಿಲಿಂಡರ್‌ಗೆ, ಸೇರಿದ್ದು. ಅದರ ಮೇಲೆ ಕೂರುವ, ವಾಲ್ವ್‌ಗಳಿರುವ ಹೆಡ್ ಅಲ್ಯೂಮಿನಿಯಂ. ಅದಕ್ಕೇ ಗ್ರೈಂಡರ್ ಹಿಡಿದವರಿಗೆ ಕೈ ಬೇಗ ಓಡುತ್ತದೆ. ಕಾರಿನ ಹೆಡ್‌ಗೂ ಇದೇ ಮಾತುಗಳು ಹೊಂದುತ್ತವೆ.

ಪೋರ್ಟಿಂಗ್‌ನಲ್ಲಿ ಏನೇನು ಮಾಡುತ್ತಾರೆ?

ಕಾರ್ಬುರೇಟರ್‌ನಿಂದ ವಾಲ್ವ್‌ವರೆಗಿನ ಹಾದಿ ಇನ್‌ಟೇಕ್ ಪೋರ್ಟ್, ವಾಲ್ವ್‌ನಿಂದ ಸೈಲೆನ್ಸರ್ ಕಡೆಗಿನದು ಎಕ್ಸಾಸ್ಟ್ ಪೋರ್ಟ್. ಎರಕ ಹೊಯ್ದಾಗ ಉಳಿದ ಗಂಟು, ಮೆಟ್ಟಿಲು, ಒರಟು ತಿರುವುಗಳನ್ನು ಕೆರೆದು ಗಾಳಿಗೆ ದಾರಿ ಸಲೀಸು ಮಾಡುವುದೇ ಪೋರ್ಟಿಂಗ್. ಇದರ ಜೊತೆಗೆ ಸೀಟ್ ಕಟಿಂಗ್ (ವಾಲ್ವ್ ಮುಚ್ಚಿ ಕೂರುವ ಉಂಗುರವನ್ನು ಕೊರೆದು ಸರಿ ಮಾಡುವುದು), ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟ್‌ಗೆ ಉಜ್ಜಿ ಕೂರಿಸುವುದು), ಹೆಡ್ ಫೇಸಿಂಗ್ (ಹೆಡ್‌ನ ತಳವನ್ನು ಸಮ ಮಾಡುವುದು) ಕೂಡ ಆಗಿಬಿಡುತ್ತದೆ. ಆಮೇಲೆ ಗಾಡಿ ಚೆನ್ನಾಗಿ ಎಳೆದರೆ ಯಾವುದರಿಂದ ಎಳೆಯಿತು ಅಂತ ಹೇಳುವುದು ಕಷ್ಟ. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಅಲ್ಲಿಂದ.

ಗಾಳಿ ಹರಿವನ್ನು ಅಳೆಯುವುದು ಹೇಗೆ?

ಫ್ಲೋ ಬೆಂಚ್ ಅನ್ನುವ ಯಂತ್ರದಲ್ಲಿ. ಹೆಡ್ಡನ್ನು ಒಂದು ಸಿಲಿಂಡರ್ ಕೊಳವೆಯ ಮೇಲೆ ಕೂರಿಸಿ, ಕೆಳಗಿನಿಂದ ಬ್ಲೋವರ್‌ನಲ್ಲಿ ಗಾಳಿ ಎಳೆಯುತ್ತಾರೆ. ವಾಲ್ವನ್ನು 1 ಅಥವಾ 2 ಮಿಮೀ ಲೆಕ್ಕದಲ್ಲಿ ತೆರೆಯುತ್ತಾ ಹೋಗುತ್ತಾರೆ. ಎಷ್ಟು ತೆರೆಯಿತು ಅನ್ನುವುದನ್ನು, ಅಂದರೆ ಲಿಫ್ಟನ್ನು, ಡಯಲ್ ಗೇಜ್ ತೋರಿಸುತ್ತದೆ. ಪ್ರತಿ ಲಿಫ್ಟ್‌ನಲ್ಲೂ ಒತ್ತಡದ ವ್ಯತ್ಯಾಸವನ್ನು ಒಂದೇ ಮಟ್ಟದಲ್ಲಿಟ್ಟು, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾದುಹೋಯಿತು ಅಂತ ಬರೆದುಕೊಳ್ಳುತ್ತಾರೆ. ಆ ಅಂಕಿಯೇ ಸಿಎಫ್‌ಎಂ.

ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಈ ರೀತಿ ಅಳೆಯುವುದರಲ್ಲೇ ಹೆಸರು ಮಾಡಿದವರು. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ಹೆಡ್‌ನಲ್ಲಿ ಅವರ ಕೈ ಇತ್ತು. ಅಳೆಯುವ ವಿಧಾನದ ಮೂಲ ತತ್ವ ಇವತ್ತಿಗೂ ಅದೇ.

ಒಬ್ಬರು 10 ಇಂಚು ಅಂತಾರೆ, ಇನ್ನೊಬ್ಬರು 28 ಇಂಚು. ಏನಿದು?

ಒತ್ತಡದ ವ್ಯತ್ಯಾಸವನ್ನು ನೀರಿನ ಎತ್ತರದಲ್ಲಿ ಹೇಳುವ ಕ್ರಮ. 28 ಇಂಚು ಅಂದರೆ 711 ಮಿಮೀ ನೀರು, ಸುಮಾರು 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್). ಒತ್ತಡ ಹೆಚ್ಚಿದಂತೆ ಹರಿವು ಅದರ ವರ್ಗಮೂಲದ ಲೆಕ್ಕದಲ್ಲಿ ಹೆಚ್ಚುತ್ತದೆ. ಹಾಗಾಗಿ 10 ಇಂಚಿನ ಅಂಕಿಯನ್ನು 1.67ರಿಂದ ಗುಣಿಸಿದರೆ 28 ಇಂಚಿನ ಅಂಕಿ ಬರುತ್ತದೆ. 10 ಇಂಚಿನಲ್ಲಿ 50 ಸಿಎಫ್‌ಎಂ ಇದ್ದ ಹೆಡ್ 28 ಇಂಚಿನಲ್ಲಿ ಸುಮಾರು 84 ತೋರಿಸುತ್ತದೆ. ಹೆಡ್ ಅದೇ, ಒತ್ತಡ ಮಾತ್ರ ಬೇರೆ! ಒತ್ತಡ ಹೇಳದೆ ಬರೀ ಸಿಎಫ್‌ಎಂ ಹೇಳಿದರೆ ಆ ಅಂಕಿಗೆ ಬೆಲೆ ಇಲ್ಲ.

"ಹನ್ನೆರಡು ಪರ್ಸೆಂಟ್ ಜಾಸ್ತಿ ಆಗಿದೆ" ಅಂದರು. ನಂಬಬಹುದಾ?

ಯಾವುದಕ್ಕಿಂತ ಹನ್ನೆರಡು ಅಂತ ಮೊದಲು ಕೇಳಿ. ನಿಮ್ಮದೇ ಹೆಡ್ಡನ್ನು, ಕೆರೆಯುವ ಮುಂಚೆ, ಅದೇ ಬೆಂಚಿನಲ್ಲಿ ಅಳೆದಿದ್ದರೆ ಮಾತು ಮುಂದುವರಿಸಬಹುದು. ಇಂಟರ್ನೆಟ್‌ನಲ್ಲಿ ಸಿಕ್ಕ ಇನ್ಯಾರದೋ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಹೆಡ್‌ನ ಅಂಕಿಗೆ ಹೋಲಿಸಿದ್ದರೆ ಅಲ್ಲಿಗೇ ಬಿಡಿ. ಎರಡು ಬೆಂಚುಗಳು ಒಂದೇ ಹೆಡ್‌ಗೆ ಬೇರೆ ಬೇರೆ ಅಂಕಿ ಕೊಡುವುದು ತೀರಾ ಮಾಮೂಲು.

ಇನ್ನೊಂದು ತಿರುಚು ಇದೆ. ಐವತ್ತು ಸಾವಿರ ಕಿಲೋಮೀಟರ್ ಓಡಿದ ಹೆಡ್‌ನಲ್ಲಿ ಸೀಟ್ ಗುಳಿ ಬಿದ್ದಿರುತ್ತದೆ, ವಾಲ್ವ್ ಬೆನ್ನಿಗೆ ಕಾರ್ಬನ್ ಅಂಟಿರುತ್ತದೆ. ಅದನ್ನು ಹಾಗೇ ಅಳೆದು "ಮುಂಚೆ" ಅಂತ ಬರೆದು, ಆಮೇಲೆ ಸೀಟ್ ಕಟ್ ಮಾಡಿ, ಕಾರ್ಬನ್ ತೆಗೆದು, ಪೋರ್ಟ್ ಕೆರೆದು "ನಂತರ" ಅಂತ ಬರೆದರೆ ಅಂಕಿ ಏರುತ್ತದೆ. ಅದರಲ್ಲಿ ಗ್ರೈಂಡರ್‌ನ ಪಾಲು ಎಷ್ಟು? ಗೊತ್ತಾಗುವುದೇ ಇಲ್ಲ. ಸರಿಯಾದ ಕ್ರಮ ಹೀಗೆ: ಮೊದಲು ಡಿಕಾರ್ಬ್ (ಕಾರ್ಬನ್ ತೆಗೆಯುವುದು), ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ), ಸೀಟ್ ಕೆಲಸ ಮುಗಿಸಿ. ಆಗ ಅಳೆಯಿರಿ. ಅದೇ ನಿಮ್ಮ ಆಧಾರದ ಅಂಕಿ. ಆಮೇಲೆ ಪೋರ್ಟ್ ಮುಟ್ಟಿ.

ಇದರ ಜೊತೆ ಈ ವಿಷಯಗಳನ್ನೂ ಕೇಳಿ. ಹೆಡ್ ಕೂರಿಸಿದ ಕೊಳವೆ ನಿಮ್ಮ ಬೋರ್‌ನಷ್ಟೇ ಇತ್ತಾ? 70 ಮಿಮೀ ಬೋರ್‌ನ ಹೆಡ್ಡನ್ನು 84 ಮಿಮೀ ಕೊಳವೆ ಮೇಲೆ ಇಟ್ಟರೆ ವಾಲ್ವ್ ಅಂಚಿನ ಹತ್ತಿರ ಗೋಡೆಯ ಅಡ್ಡಿ ಇರಲ್ಲ, ಅಂಕಿ ಸುಮ್ನೆ ಏರುತ್ತದೆ. ಪೋರ್ಟ್ ಬಾಯಿಗೆ ಜೇಡಿಮಣ್ಣಿನಿಂದಲೋ ಬೆಲ್‌ಮೌತ್‌ನಿಂದಲೋ ದುಂಡು ಅಂಚು ಕೊಟ್ಟಿದ್ದರಾ? ಎರಡೂ ಸಲ ಕೊಟ್ಟಿದ್ದರಾ? ಒಂದು ಸಲ ಕೊಟ್ಟು ಇನ್ನೊಂದು ಸಲ ಬಿಟ್ಟರೆ ಆ ವ್ಯತ್ಯಾಸವೇ ಪೋರ್ಟಿಂಗ್ ಲಾಭದಂತೆ ಕಾಣುತ್ತದೆ. ವಾಲ್ವ್ ಪೂರ್ತಿ ಮುಚ್ಚಿ ಸೋರಿಕೆ ನೋಡಿದ್ದರಾ? ಸ್ಪಾರ್ಕ್ ಪ್ಲಗ್ ತೂತು ಮುಚ್ಚಿತ್ತಾ?

ಒಳ್ಳೆಯ ಬೆಂಚಿನಲ್ಲೂ ಅದೇ ಹೆಡ್ಡನ್ನು ಬಿಚ್ಚಿ ಮತ್ತೆ ಕೂರಿಸಿದರೆ ಶೇಕಡಾ 1ರಷ್ಟು ಆಚೀಚೆ ಆಗುತ್ತದೆ. ಅದಕ್ಕೇ ಶೇಕಡಾ 2ರ ಲಾಭಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಪೂರ್ತಿ ತೆರೆದಾಗಿನ ಅಂಕಿ ಒಂದೇ ಸಾಲದಾ? ಎಲ್ಲರೂ ಅದನ್ನೇ ಹೇಳ್ತಾರೆ.

ಹೇಳುವುದಕ್ಕೆ ಅದು ಚೆಂದ. ತೀರ್ಮಾನಕ್ಕೆ ಸಾಲದು.

ಒಂದು ಲೆಕ್ಕ ನೋಡೋಣ. ಅಂಕಿಗಳನ್ನು ವಿಷಯ ತೋರಿಸುವುದಕ್ಕಾಗಿ ನಾನೇ ಇಟ್ಟದ್ದು. ವಾಲ್ವ್ 36 ಮಿಮೀ, ಅತಿ ಹೆಚ್ಚು ಲಿಫ್ಟ್ 8 ಮಿಮೀ, ಒತ್ತಡ 28 ಇಂಚು ಅಂದುಕೊಳ್ಳಿ. 2, 4, 6, 8 ಮಿಮೀ ಲಿಫ್ಟ್‌ನಲ್ಲಿ ಸಿಗುವ ಸಿಎಫ್‌ಎಂ ಹೀಗಿದೆ:

ಸ್ಟಾಕ್ ಹೆಡ್: 28, 55, 76, 86
ಮೊದಲನೇ ಅಂಗಡಿಯ ಕೆಲಸ: 27, 53, 77, 96
ಎರಡನೇ ಅಂಗಡಿಯ ಕೆಲಸ: 31, 60, 81, 89

ಮೊದಲನೆಯವರು "ಸುಮಾರು 12 ಪರ್ಸೆಂಟ್" ಅಂತ ಬೋರ್ಡ್ ಹಾಕಬಹುದು. ಎರಡನೆಯವರ ಹತ್ತಿರ ಹೇಳಿಕೊಳ್ಳಲು ಮೂರೂವರೆ ಪರ್ಸೆಂಟ್ ಮಾತ್ರ. ಈಗ ನಾಲ್ಕೂ ಅಂಕಿ ಕೂಡಿ. ಸ್ಟಾಕ್ 245, ಮೊದಲನೆಯದು 253, ಎರಡನೆಯದು 261. ಅಂದರೆ ಒಟ್ಟು ಲಾಭ ಒಬ್ಬರದು ಶೇಕಡಾ 3.3, ಇನ್ನೊಬ್ಬರದು 6.5. ನಾನಾದರೆ ಎರಡನೇ ಅಂಗಡಿಗೆ ಹೋಗುತ್ತೇನೆ.

ಇಲ್ಲಿ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ: "ವಾಲ್ವ್ ನಡುವಿನ ಲಿಫ್ಟನ್ನು ಎರಡು ಸಲ ದಾಟುತ್ತೆ, ತುದಿಯನ್ನು ಒಂದೇ ಸಲ, ಅದಕ್ಕೇ ನಡುವಿನದಕ್ಕೆ ಡಬಲ್ ಬೆಲೆ." ಮೊದಲರ್ಧ ನಿಜ. ಆದರೆ ತುದಿಯಲ್ಲಿ ವಾಲ್ವ್ ನಿಧಾನವಾಗಿ ನಿಂತು ತಿರುಗುತ್ತದೆ, ನಡುವೆ ಸರ್ರನೆ ಓಡುತ್ತದೆ. ವಾಲ್ವನ್ನು ಎತ್ತುವ ಕ್ಯಾಮ್‌ನ ನಯವಾದ ರೇಖೆ ಹಾಕಿ, ಪ್ರತಿ ಲಿಫ್ಟ್‌ನಲ್ಲಿ ಅದು ಎಷ್ಟು ಡಿಗ್ರಿ ತಿರುಗುತ್ತದೆ ಅಂತ ಎಣಿಸಿದರೆ ತುದಿಯ ಪಾಲು ಕಡಿಮೆಯೇನೂ ಆಗುವುದಿಲ್ಲ. ಹಾಗೆ ತೂಕ ಹಾಕಿದಾಗ ಮೇಲಿನ ಲಾಭಗಳು ಸುಮಾರು 4 ಮತ್ತು 6 ಪರ್ಸೆಂಟ್‌ಗೆ ಬಂದು ನಿಲ್ಲುತ್ತವೆ. ಎರಡನೆಯದೇ ಮೇಲು, ಅಂತರ ಮಾತ್ರ ಸಣ್ಣದು. ನಿಮ್ಮ ಕ್ಯಾಮ್‌ನ ಲಿಫ್ಟ್ ಪಟ್ಟಿ ಸಿಕ್ಕಿದರೆ ಅದನ್ನೇ ಹಾಕಿ ಲೆಕ್ಕ ಮಾಡಿ, ಗಾದೆಯ ಹಿಂದೆ ಹೋಗಬೇಡಿ.

ನಿಮ್ಮ ಕ್ಯಾಮ್ ತೆರೆಯದ ಲಿಫ್ಟ್‌ನ ಅಂಕಿಯನ್ನು ಹೊಡೆದು ಹಾಕಿ. 8 ಮಿಮೀ ತೆರೆಯುವ ಎಂಜಿನ್ನಿಗೆ 11 ಮಿಮೀಯಲ್ಲಿ ಬಂದ ಸಿಎಫ್‌ಎಂ ಯಾಕೆ?

ಹಾಗಾದರೆ ಪೋರ್ಟ್ ದೊಡ್ಡದಾದಷ್ಟೂ ಒಳ್ಳೆಯದಲ್ವಾ?

ಗಾರ್ಡನ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಬಿಟ್ಟರೆ ಕಾಲ ಬುಡದಲ್ಲೇ ಬೀಳುತ್ತದೆ. ವೇಗದ ವಿಷಯ ಬುಲೆಟ್‌ನ ಅಂಕಿಗಳಲ್ಲಿ ನೋಡೋಣ. 5500 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 16.5 ಮೀಟರ್. ಪೋರ್ಟ್ 28 ಮಿಮೀ ಅಗಲ ಇದ್ದರೆ ಅದರಲ್ಲಿ ಗಾಳಿಯ ಸರಾಸರಿ ವೇಗ 103 ಮೀಟರ್ ಆಸುಪಾಸು. ಅದನ್ನೇ 32 ಮಿಮೀಗೆ ಕೆರೆದರೆ 79ಕ್ಕೆ ಇಳಿಯುತ್ತದೆ. 3000 ಆರ್‌ಪಿಎಂನಲ್ಲಿ 56 ಇದ್ದದ್ದು 43 ಆಗುತ್ತದೆ. ಬುಲೆಟ್ ಓಡಿಸುವವರು ದಿನದ ಹೆಚ್ಚು ಹೊತ್ತು ಇರುವುದು ಆ 3000ದ ಸುತ್ತಮುತ್ತ ತಾನೇ?

ವೇಗ ಇಳಿದರೆ ಪೆಟ್ರೋಲ್ ಸಣ್ಣ ಹನಿಯಾಗಿ ಗಾಳಿಯಲ್ಲಿ ತೇಲುವುದಿಲ್ಲ, ಗೋಡೆಗೆ ಅಂಟುತ್ತದೆ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ತಿರುಗುವಾಗಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆಗ ಗಾಳಿ ಒಳಗೆ ನುಗ್ಗುತ್ತಲೇ ಇರುವುದು ಅದರ ಓಟದ ಬಲದಿಂದ. ಆ ಓಟ ಸತ್ತರೆ ಒಳಗೆ ಬಂದದ್ದೇ ಹಿಂದಕ್ಕೆ ಹೋಗುತ್ತದೆ. ಬೆಂಚಿನಲ್ಲಿ ಗಾಳಿ ಒಂದೇ ಸಮ ಹರಿಯುವುದರಿಂದ ಈ ಯಾವುದೂ ಅಲ್ಲಿ ಕಾಣುವುದಿಲ್ಲ. ಅದಕ್ಕೇ ದೊಡ್ಡ ಪೋರ್ಟ್ ಬೆಂಚಿನಲ್ಲಿ ಗೆದ್ದು ರೋಡಿನಲ್ಲಿ ಸೋಲುವುದು.

ಆದ್ದರಿಂದ ಸಿಎಫ್‌ಎಂ ಜೊತೆಗೆ ಪೋರ್ಟ್‌ನ ಸಿಸಿಯನ್ನೂ (ಒಳಗಿನ ಗಾತ್ರ) ಅಳೆಸಿ. ವಾಲ್ವ್ ಮುಚ್ಚಿ, ಬ್ಯೂರೆಟ್ ಅನ್ನುವ ಅಳತೆ ಕೊಳವೆಯಿಂದ ಸೀಮೆಎಣ್ಣೆಯನ್ನೋ ಬಣ್ಣದ ನೀರನ್ನೋ ತುಂಬಿದರೆ ಆಯಿತು. ಗಾಳಿ ಶೇಕಡಾ 6 ಹೆಚ್ಚಿ ಸಿಸಿ ಶೇಕಡಾ 2 ಹೆಚ್ಚಿದ್ದರೆ ಬುದ್ಧಿವಂತ ಕೈ ಕೆಲಸ ಮಾಡಿದೆ. ಗಾಳಿ 6, ಸಿಸಿ 20 ಆಗಿದ್ದರೆ ಬರೀ ತೋಡಿದ್ದಾರೆ.

ಎಲ್ಲಿ ಕೆರೆದರೆ ನಿಜವಾದ ಲಾಭ?

ವಾಲ್ವ್‌ನ ಹತ್ತಿರದ ಒಂದೆರಡು ಇಂಚಿನಲ್ಲಿ. ಮೊದಲು ಸೀಟ್. 45 ಡಿಗ್ರಿ ಸೀಟ್‌ನ ಮೇಲೆ 30, ಕೆಳಗೆ 60 ಡಿಗ್ರಿ ಕಟ್ ಕೊಟ್ಟರೆ ಕಡಿಮೆ ಲಿಫ್ಟ್‌ನಲ್ಲಿ ಹರಿವು ಸುಧಾರಿಸುತ್ತದೆ. ಗ್ರೈಂಡರ್ ಮುಟ್ಟುವ ಅಗತ್ಯವೇ ಇಲ್ಲ. ಸೀಟನ್ನು ತೀರಾ ಸಣ್ಣ ಮಾಡಿಸಬೇಡಿ. ವಾಲ್ವ್‌ನ ಬಿಸಿ ಹೊರಗೆ ಹೋಗುವುದೇ ಅಲ್ಲಿಂದ.

ಆಮೇಲೆ ಪೋರ್ಟ್ ಒಳಕ್ಕೆ ತಿರುಗುವ ಕಡೆಯ ಗಿಡ್ಡ ಅಂಚು. ಗಾಳಿ ಅಲ್ಲಿ ತಿರುಗಲಾರದೆ ಗೋಡೆ ಬಿಟ್ಟು ಹಾರುತ್ತದೆ. ಅದನ್ನು ಹಗೂರಕ್ಕೆ ದುಂಡು ಮಾಡಬೇಕು, ಕೆಳಗೆ ಇಳಿಸಬಾರದು. ಅಲ್ಲಿ ಎತ್ತರ ಕಳೆದುಕೊಂಡರೆ ತಿರುವು ಇನ್ನೂ ಕಡಿದಾಗುತ್ತದೆ. ಗೈಡ್ ಸುತ್ತಲಿನ ಉಬ್ಬನ್ನು ತೆಳ್ಳಗೆ ಮಾಡಬಹುದು. ಮ್ಯಾನಿಫೋಲ್ಡ್, ಗ್ಯಾಸ್ಕೆಟ್ ಸೇರುವಲ್ಲಿ ಮೆಟ್ಟಿಲು ಇದ್ದರೆ ಸರಿ ಮಾಡಿ.

ಕನ್ನಡಿ ಥರ ಪಾಲಿಶ್ ಮಾಡಿಸಲಾ?

ಫೋಟೋಗೆ ಚೆಂದ. ಇನ್‌ಟೇಕ್‌ನಲ್ಲಿ ಹರಿವು ಅದರಿಂದ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆಕಾರ ಮುಖ್ಯ, ಹೊಳಪಲ್ಲ. ಎಕ್ಸಾಸ್ಟ್‌ನಲ್ಲಿ ಮಾಡಿಸಿದರೆ ಕಾರ್ಬನ್ ಅಂಟುವುದು ಸ್ವಲ್ಪ ಕಡಿಮೆ.

ಸಿಎಫ್‌ಎಂನಿಂದ ಪವರ್ ಲೆಕ್ಕ ಹಾಕಬಹುದಾ?

ಒಂದು ಒರಟು ಸೂತ್ರ ಚಾಲ್ತಿಯಲ್ಲಿದೆ: 28 ಇಂಚಿನಲ್ಲಿ ಅಳೆದ ಸಿಎಫ್‌ಎಂ × 0.257 = ಒಂದು ಸಿಲಿಂಡರ್‌ನ ಅಶ್ವಶಕ್ತಿ. ಇದು ಎಲ್ಲವನ್ನೂ ತಿದ್ದಿ ಕೂರಿಸಿದ ರೇಸ್ ಎಂಜಿನ್ನಿಗೆ ಸಿಗುವ ಮೇಲಿನ ಮಿತಿ. ನಿಮ್ಮ ಗಾಡಿಗೆ ಕೊಟ್ಟ ಮಾತು ಅಂತ ತಿಳಿಯಬೇಡಿ.

ಆದರೂ ಈ ಸೂತ್ರ ಒಂದು ಕೆಲಸಕ್ಕೆ ಬರುತ್ತದೆ. ಹಳೆಯ ಬುಲೆಟ್ 350ಕ್ಕೆ ಕಂಪನಿ ಹೇಳುತ್ತಿದ್ದ ಶಕ್ತಿ 5625 ಆರ್‌ಪಿಎಂನಲ್ಲಿ 18 ಬಿಎಚ್‌ಪಿ. ಸೂತ್ರದ ಪ್ರಕಾರ ಅದಕ್ಕೆ 70 ಸಿಎಫ್‌ಎಂ ಸಾಕು. ನಿಮ್ಮ ಸ್ಟಾಕ್ ಹೆಡ್ ಬೆಂಚಿನಲ್ಲಿ 70ಕ್ಕಿಂತ ಜಾಸ್ತಿ ಕೊಟ್ಟರೆ ಕತ್ತು ಹಿಸುಕುತ್ತಿರುವುದು ಬೇರೆ ಯಾವುದೋ. ಕ್ಯಾಮ್ ಇರಬಹುದು, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಇರಬಹುದು, ಸೈಲೆನ್ಸರ್ ಇರಬಹುದು.

ಕಾರ್ಬುರೇಟರನ್ನೂ ನೋಡಿ. ಆ ಬುಲೆಟ್‌ನಲ್ಲಿ ಇದ್ದದ್ದು 24 ಮಿಮೀ ಮಿಕ್‌ಕಾರ್ಬ್. 28 ಇಂಚಿನಲ್ಲಿ ಒಂದು ಚದರ ಇಂಚು ಬಾಯಿಯಿಂದ, ಏನೂ ನಷ್ಟ ಇಲ್ಲದೆ, 146 ಸಿಎಫ್‌ಎಂ ಹೋಗಬಹುದು. 24 ಮಿಮೀ ಬಾಯಿ ಅಂದರೆ 0.70 ಚದರ ಇಂಚು, ಅಂದರೆ ಹೆಚ್ಚೆಂದರೆ 102. ಹೆಡ್ ಒಂದೇ 120 ಕೊಟ್ಟರೂ ಆ ಕಾರ್ಬುರೇಟರ್ ಇರುವವರೆಗೆ ಅದು ಕಾಗದದ ಮೇಲೇ ಉಳಿಯುತ್ತದೆ. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ಜೋಡಿಸಿ ಇನ್ನೊಂದು ಸಲ ಅಳೆಯಲು ಹೇಳಿ. ಎಷ್ಟೋ ಸಲ ಆ ಅಂಕಿ ನೋಡಿದ ಮೇಲೆ ಹೆಡ್ ಕೆರೆಸುವ ಆಸೆಯೇ ಹೋಗುತ್ತದೆ. ಒಳ್ಳೆಯದೇ ಆಯಿತು ಅನ್ನಿ.

ಎಕ್ಸಾಸ್ಟ್ ಹರಿವು ಎಷ್ಟಿರಬೇಕು?

ಇನ್‌ಟೇಕ್‌ನ ಶೇಕಡಾ 75ರಿಂದ 80 ಅನ್ನುವುದು ರೂಢಿಯ ಲೆಕ್ಕ. ಅಳೆಯುವಾಗ ಒಂದು ತುಂಡು ಪೈಪ್ ಜೋಡಿಸಿ ಅಳೆಯಬೇಕು. ವಾಲ್ವ್ ತೆರೆದ ಕ್ಷಣದ ಬಿಸಿ, ಒತ್ತಡ ಎರಡೂ ಬೆಂಚಿನಲ್ಲಿ ಇರಲ್ಲ. ಹಾಗಾಗಿ ಎಕ್ಸಾಸ್ಟ್ ಅಂಕಿಯನ್ನು ನಾನು ಇನ್ನೂ ಸಡಿಲವಾಗಿ ನೋಡುತ್ತೇನೆ.

ಮನೆಯಲ್ಲೇ ಫ್ಲೋ ಬೆಂಚ್ ಮಾಡಿಕೊಳ್ಳಬಹುದಾ?

ಧಾರಾಳವಾಗಿ. ವ್ಯಾಕ್ಯೂಮ್ ಕ್ಲೀನರ್ ಮೋಟರ್, ಪ್ಲೈವುಡ್ ಪೆಟ್ಟಿಗೆ, ಪಾರದರ್ಶಕ ಟ್ಯೂಬಿನಲ್ಲಿ ನೀರು ಹಾಕಿದ ಮ್ಯಾನೋಮೀಟರ್ ಇದ್ದರೆ ಸಾಕು. 28 ಇಂಚು ಎಳೆಯಲಾರದು, 10 ಇಂಚು ಅಥವಾ ಇನ್ನೂ ಕಡಿಮೆಯಲ್ಲಿ ಅಳೆಯಿರಿ. ಎಲ್ಲ ಲಿಫ್ಟ್‌ನಲ್ಲೂ ಒಂದೇ ಒತ್ತಡ ಇಟ್ಟರೆ ಆಯಿತು.

ಬೆಂಚ್ ಸುಳ್ಳು ಹೇಳುತ್ತಿದೆಯಾ ಅಂತ ನೋಡಲು ಲೇತ್‌ನಲ್ಲಿ ಒಂದು ತೆಳು ತಗಡಿಗೆ ಚೂಪು ಅಂಚಿನ 25 ಮಿಮೀ ತೂತು ಹೊಡೆಸಿ. 10 ಇಂಚಿನಲ್ಲಿ ಅದು ಸುಮಾರು 40 ಸಿಎಫ್‌ಎಂ ಕೊಡಬೇಕು. ಪ್ರತಿ ಸಲ ಹೆಡ್ ಅಳೆಯುವ ಮುಂಚೆ ಈ ತಗಡನ್ನು ಅಳೆಯಿರಿ. ಮನೆ ಬೆಂಚಿನ ಅಂಕಿ ಊರಿನವರ ಅಂಕಿಗೆ ಹೊಂದದಿದ್ದರೂ ಪರವಾಗಿಲ್ಲ. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ಹೊಂದಬೇಕು, ಅಷ್ಟೇ. ವೋಲ್ಟೇಜ್ ಕುಣಿಯುವ ಊರಿನಲ್ಲಿ ಸಂಜೆ ಹೊತ್ತು ಈ ಕೆಲಸಕ್ಕೆ ಕೂರಬೇಡಿ.

ಡೈನೋ ಒಂದೇ ಸಾಲದಾ? ಕೊನೆಗೆ ಬೇಕಾದದ್ದು ಪವರ್ ಅಲ್ವಾ?

ಹೌದು, ಕೊನೆಯ ತೀರ್ಪು ಅಲ್ಲೇ, ಗಾಡಿಯ ಪವರ್ ಅಳೆಯುವ ಆ ಯಂತ್ರದ ಮೇಲೆ. ಆದರೆ ಹೆಡ್ ಒಂದನ್ನೇ ಬದಲಿಸಿ ಹೋಗಿ. ಹೆಡ್ ಜೊತೆ ಹೊಸ ಕ್ಯಾಮ್, ಹೊಸ ಸೈಲೆನ್ಸರ್ ಹಾಕಿ ಡೈನೋ ಮಾಡಿಸಿದರೆ ಪೋರ್ಟಿಂಗ್‌ನ ಪಾಲು ಯಾರಿಗೂ ತಿಳಿಯದು.

ಕಂಪ್ರೆಷನ್ ಬಗ್ಗೆ ಎಚ್ಚರ. ಹೆಡ್ ಫೇಸಿಂಗ್ ಮಾಡಿದರೆ ಕಂಪ್ರೆಷನ್ ಏರುತ್ತದೆ, ಅದರ ಲಾಭ ಪೋರ್ಟಿಂಗ್ ಖಾತೆಗೆ ಹೋಗುತ್ತದೆ. ವಾಲ್ವ್ ಸುತ್ತ ಛೇಂಬರ್ (ಪೆಟ್ರೋಲ್ ಉರಿಯುವ ಗುಳಿ) ಕೆರೆದರೆ ಕಂಪ್ರೆಷನ್ ಇಳಿಯುತ್ತದೆ. 346 ಸಿಸಿಗೆ 7:1 ಇದ್ದ ಕಡೆ ಬರೀ 3 ಸಿಸಿ ಕೆರೆದರೆ 6.7ಕ್ಕೆ ಬರುತ್ತದೆ. ಮುಂಚೆ, ನಂತರ ಎರಡೂ ಸಲ ಛೇಂಬರ್ ಸಿಸಿ ಬರೆದಿಡಿ. ಗಾಳಿ ಬದಲಾದ ಮೇಲೆ ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಕೂಡ ನೋಡಬೇಕು. ಹಳೇ ಜೆಟ್‌ನಲ್ಲೇ ಓಡಿಸಿದರೆ ಮಿಕ್ಸ್ಚರ್ ಲೀನ್ ಆಗಿ (ಗಾಳಿಗೆ ಪೆಟ್ರೋಲ್ ಸಾಲದೆ) ಪವರ್ ಬಾರದೇ ಇರಬಹುದು, ಪಿಸ್ಟನ್‌ಗೂ ಒಳ್ಳೆಯದಲ್ಲ.

ಊರಿನ ಎತ್ತರದ ವಿಷಯ ನಮ್ಮವರು ಮರೆಯುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ, ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪೋರ್ಟಿಂಗ್‌ಗೆ ಮುಂಚೆ ಬೆಂಗಳೂರಿನಲ್ಲಿ, ನಂತರ ಚೆನ್ನೈಯಲ್ಲಿ ಡೈನೋ ಮಾಡಿಸಿ ತಿದ್ದುಪಡಿ ಇಲ್ಲದ ಅಂಕಿ ಹೋಲಿಸಿದರೆ, ಹೆಡ್ ಮುಟ್ಟದಿದ್ದರೂ ಲಾಭ ಬಂದಿರುತ್ತದೆ! ಒಂದೇ ಡೈನೋ, ಒಂದೇ ಟೈರ್ ಗಾಳಿ, ಎಂಜಿನ್ ಒಂದೇ ಬಿಸಿ. ಪ್ರತಿ ಸಲ ಮೂರು ರನ್ ಆದರೂ ಇರಲಿ. ಮೂರನ್ನೂ ಕೇಳಿ ತೆಗೆದುಕೊಳ್ಳಿ, ಚೆನ್ನಾಗಿರುವ ಒಂದನ್ನೇ ಪ್ರಿಂಟ್ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಪೀಕ್ ಪವರ್‌ಗಿಂತ ಪೂರ್ತಿ ಗೆರೆ ನೋಡಿ. ಮೇಲೆ 1 ಬಿಎಚ್‌ಪಿ ಬಂದು ಕೆಳಗೆ ಪಿಕಪ್ ಹೋಗಿದ್ದರೆ ಸಿಟಿಯಲ್ಲಿ ಓಡಿಸುವವರಿಗೆ ಅದು ನಷ್ಟದ ವ್ಯಾಪಾರ.

ಆರ್‌ಎಕ್ಸ್ 100, ಹಳೇ ಯೆಜ್ಡಿಗೂ ಇದೇ ಲೆಕ್ಕನಾ?

ಇಲ್ಲ. ಅವು ಟೂ ಸ್ಟ್ರೋಕ್. ಹೆಡ್‌ನಲ್ಲಿ ವಾಲ್ವೇ ಇಲ್ಲ, ಪೋರ್ಟ್‌ಗಳು ಸಿಲಿಂಡರ್ ಗೋಡೆಯಲ್ಲಿವೆ. ಮೈಸೂರಿನ ಐಡಿಯಲ್ ಜಾವಾದಿಂದ ಬಂದ ಗಾಡಿಗಳಿಗೆ ಇಲ್ಲಿ "ಪೋರ್ಟಿಂಗ್" ಅಂದರೆ ಆ ತೂತುಗಳ ಎತ್ತರ, ಅಗಲ ಬದಲಿಸುವುದು. ಅಲ್ಲಿ ಹರಿವಿಗಿಂತ ಪೋರ್ಟ್ ಯಾವ ಡಿಗ್ರಿಯಲ್ಲಿ ತೆರೆಯುತ್ತದೆ, ಸೈಲೆನ್ಸರ್‌ನಿಂದ ಒತ್ತಡದ ಅಲೆ ಯಾವಾಗ ಹಿಂದಿರುಗುತ್ತದೆ ಅನ್ನುವುದೇ ಆಟ. ಅದಕ್ಕೆ ಬೇರೆ ಪುಟವೇ ಬೇಕು.

ಪೋರ್ಟ್ ಜಾಸ್ತಿ ತೋಡಿಬಿಟ್ಟಿದ್ದಾರೆ. ಸರಿ ಮಾಡಬಹುದಾ?

ಇನ್‌ಟೇಕ್ ಆದರೆ ದಾರಿ ಇದೆ. ಪೆಟ್ರೋಲ್ ಮತ್ತು ಬಿಸಿ ತಡೆಯುವ ಎಪಾಕ್ಸಿಯನ್ನು ಪೋರ್ಟ್‌ನ ನೆಲಕ್ಕೆ ತುಂಬಿ ಮತ್ತೆ ಆಕಾರ ಕೊಡುತ್ತಾರೆ. ಮೇಲ್ಮೈ ಒರಟು ಮಾಡಿ, ಎಣ್ಣೆ ಒಂಚೂರೂ ಇಲ್ಲದಂತೆ ತೊಳೆದು ಹಚ್ಚಬೇಕು. ಇಲ್ಲದಿದ್ದರೆ ಕಿತ್ತು ಬಂದ ತುಂಡು ನೇರ ಸಿಲಿಂಡರ್‌ಗೆ ಹೋಗುತ್ತದೆ. ಎಕ್ಸಾಸ್ಟ್ ಬಿಸಿಗೆ ಎಪಾಕ್ಸಿ ನಿಲ್ಲುವುದಿಲ್ಲ, ಅಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಒಂದೇ ಉಪಾಯ. ವೆಲ್ಡ್ ಮಾಡಿದರೆ ಹೆಡ್ ಬಾಗುತ್ತದೆ. ಮತ್ತೆ ಫೇಸಿಂಗ್ ಆಗಬೇಕು, ಸೀಟ್ ಮತ್ತು ಗೈಡ್ ಹೊಸದಾಗಿ ಕೂರಬೇಕು. ಅಷ್ಟು ಖರ್ಚಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹೆಡ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಸಿಕ್ಕರೆ ಅದನ್ನು ತಂದು, ಸೀಟ್ ಕೆಲಸ ಮಾತ್ರ ಮಾಡಿಸಿ, ಬೆಂಚಿಗೆ ಹಾಕಿ.